ನೊರೆ ಬಾರದ ಕಲ್ಲು

"ಹೆಣ ತೇಲಿದ ಹಾಗೆ ತೇಲ್ತಿದಾವೆ, ನೋಡ್ರೀ. ನಮ್ಮಕ್ಕ ಸಂಜೆ ಬಂದು ಇದನ್ನ ನೋಡ್ಬೇಕಾ?"

"ತೇಲ್ತಿಲ್ಲ ಕಣೇ. ಸುಸ್ತಾಗಿ ಮಲಗಿದಾವೆ."

"ನೀರಿನ ಮೇಲೆ ಯಾರ್ರೀ ಮಲಗ್ತಾರೆ? ಇವತ್ತು ಸಂಜೆಯೊಳಗೆ ಅವು ಗೆಲುವಾಗಿ ಓಡಾಡ್ಬೇಕು, ಆ ತೊಟ್ಟಿ ಕಣ್ಣಲ್ಲಿ ನೋಡೋ ಹಾಗಿರ್ಬೇಕು. ಇಲ್ಲದಿದ್ರೆ ನಾನೇ ಬಕೆಟ್ಟಲ್ಲಿ ತಗೊಂಡು ಹೋಗಿ ಮೋರಿಗೆ ಸುರಿದು ಬರ್ತೀನಿ."

"ಮೋರಿಗೆ ಹಾಕಿದ್ರೆ ಸತ್ತೇ ಹೋಗ್ತಾವೆ."

"ಇಲ್ಲಿದ್ದು ಏನು ಉದ್ಧಾರ ಆಗ್ತಿದಾವೆ?"

ಹೆಂಡತಿ ಪೊರಕೆ ಎತ್ತಿಕೊಂಡು ಒಳಗೆ ಹೋದಳು. ಟೈಲರ್ ಕತ್ತರಿ ಕೆಳಗಿಟ್ಟು ಗಾಜಿನ ತೊಟ್ಟಿಯ ಮುಂದೆ ಕುಕ್ಕರಿಸಿದ.

ತೊಟ್ಟಿಯಲ್ಲಿದ್ದದ್ದು ಎರಡು ಕಪ್ಪೆ. ಮಳೆ ಬಂದಾಗ ವಟಗುಟ್ಟುವ ಕಪ್ಪೆಗಳಲ್ಲ. ಹೆಬ್ಬೆರಳಿಗಿಂತ ಚಿಕ್ಕವು, ಬದುಕೆಲ್ಲ ನೀರಿನೊಳಗೇ ಕಳೆಯುವ ಜಾತಿ. ಉಸಿರಿಗೆ ಮಾತ್ರ ಮೇಲೆ ಬಂದು ಗುಳುಕ್ಕನೆ ಮುಳುಗುತ್ತವೆ. ಒಂದರ ಹೆಸರು ಗುಂಡಿ, ಇನ್ನೊಂದರದು ಗುಂಡಿ ತೂರಿಸುವ ತೂತಿನ ಹೆಸರು, ಕಾಜಾ. ತೋಳು ಬಿಗಿಯಾಯ್ತು, ಕಾಲರ್ ಸೊಟ್ಟಗಾಯ್ತು ಅಂತ ದಿನವಿಡೀ ಬೈಸಿಕೊಳ್ಳುವ ಮನುಷ್ಯನಿಗೆ, ಕೆಲಸದ ಮೇಲೆ ಒಂದೂ ದೂರು ಹೇಳದ ಪ್ರಾಣಿಗಳು ಇವೆರಡೇ. ಆ ಕೃತಜ್ಞತೆಗೆ ಅವನು ತನ್ನ ಕೈಯಾರೆ ಬಿಳಿ ಕಲ್ಲುಗಳನ್ನು ಜೋಡಿಸಿ ಒಂದು ಕಮಾನು ಕಟ್ಟಿ ತೊಟ್ಟಿಯೊಳಗಿಟ್ಟಿದ್ದ. ಹಾಲಿನ ಹಾಗೆ ಹೊಳೆಯುತ್ತಿತ್ತು. ಅದನ್ನು ಇಟ್ಟ ಮೇಲೇ ಕಪ್ಪೆಗಳು ಊಟ ಬಿಟ್ಟು ಹೀಗೆ ಮಲಗಿದ್ದು.

ಕಪ್ಪೆ ಮಾರಿದ ಬಣ್ಣದ ಮೀನಿನ ಅಂಗಡಿಯವನಿಗೆ ಫೋನು ಮಾಡಿದ.

"ಬಿಳಿ ಕಲ್ಲಾ? ಸುಣ್ಣದ ಕಲ್ಲು ಕಣ್ರೀ ಅದು. ನೀರಿಗೆ ಸುಣ್ಣ ಬಿಡುತ್ತೆ. ಮೊದಲು ಆಚೆ ತೆಗೀರಿ, ನೀರು ಬದಲಾಯಿಸಿ. ಯಾವ ಕಲ್ಲೇ ಇಡಿ, ಅದರ ಮೇಲೆ ವಿನೆಗರ್ ಹನಿ ಹಾಕಿ ನೋಡಿ. ನೊರೆ ಬಂದ್ರೆ ಸುಣ್ಣ, ಅದು ಬೇಡ. ಅಂಚು ಚೂಪಿದ್ರೆ ಬೇಡ, ಕಪ್ಪೆ ಚರ್ಮ ಈರುಳ್ಳಿ ಸಿಪ್ಪೆ ಇದ್ದ ಹಾಗೆ. ಕಪ್ಪೆ ತಲೆಗಿಂತ ಸಣ್ಣ ಕಲ್ಲೂ ಬೇಡ, ನುಂಗಿಬಿಡ್ತಾವೆ."

"ಹಾಗಾದ್ರೆ ಯಾವುದು ಬೇಕು?"

"ಇದ್ಯಾವುದೂ ಅಲ್ಲದ್ದು," ಎಂದು ಅವನು ಫೋನಿಟ್ಟ.

ಟೈಲರ್ ಕಮಾನು ತೆಗೆದ, ನೀರು ಬದಲಾಯಿಸಿದ. ಅಡುಗೆಮನೆಯಿಂದ ವಿನೆಗರ್ ತಂದು ಹನಿ ಹಾಕುವ ಪುಟ್ಟ ಶೀಶೆಗೆ ತುಂಬಿಕೊಂಡು ಬಾಗಿಲಾಚೆ ಕೂತು ಬಿಳಿ ಕಲ್ಲಿನ ಮೇಲೆ ಒಂದು ಹನಿ ಬಿಟ್ಟ. ಸುಂಯ್ ಅಂತ ನೊರೆ ಎದ್ದಿತು. ಅವನಿಗೆ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಕಲ್ಲು ತುಳಿದು, ಕಲ್ಲು ಎಡವಿ, ಬೀದಿ ನಾಯಿಗೆ ಕಲ್ಲು ಬೀರಿ ಬೆಳೆದಿದ್ದ. ಕಲ್ಲಿಗೂ ಒಂದು ಸ್ವಭಾವ ಇದೆಯೆಂದು ಯಾರೂ ಹೇಳಿರಲಿಲ್ಲ. ಹೂಕುಂಡದ ಪಕ್ಕದ ಕಲ್ಲಿಗೆ ಹಾಕಿದ, ನೊರೆ. ಬಟ್ಟೆ ಒಗೆಯುವ ಕಲ್ಲಿಗೆ ಹಾಕಿದ, ಏನೂ ಇಲ್ಲ. ಅದು ಒಳ್ಳೆಯ ಕಲ್ಲು, ಆದರೆ ತೊಟ್ಟಿಗಿಂತ ದೊಡ್ಡದು.

"ಏನಯ್ಯಾ, ಕಲ್ಲಿಗೆ ಔಷಧಿ ಕುಡಿಸ್ತಿದೀಯಾ?"

ಪಕ್ಕದ ಮನೆಯ ಮೇಷ್ಟ್ರು. ನೌಕರಿಯಿಂದ ನಿವೃತ್ತರಾಗಿದ್ದರೇ ಹೊರತು ಪಾಠ ಹೇಳುವುದರಿಂದ ಆಗಿರಲಿಲ್ಲ. ವಿಷಯ ತಿಳಿದದ್ದೇ ಮನೆಯೊಳಗಿಂದ ಭೂತಗನ್ನಡಿ ತಂದು, ಶೀಶೆಯನ್ನು ಟೈಲರ್ ಕೈಯಿಂದ ಕಿತ್ತುಕೊಂಡರು. "ನಿನಗೆ ಹನಿ ಹಾಕೋಕೆ ಬರಲ್ಲ, ಕೊಡು ಇಲ್ಲಿ."

ಮೊದಲ ಹನಿ ಬಿದ್ದದ್ದು ಮೇಲಿನ ಮನೆಯ ಮಾಲೀಕರು ಹೊಸದಾಗಿ ಹಾಕಿಸಿದ ಅಮೃತಶಿಲೆಯ ಮೆಟ್ಟಿಲ ಮೇಲೆ. ನೊರೆ ಬಂತು. ಒರೆಸಿದರೆ ಅಲ್ಲೊಂದು ಮಂಕು ಕಲೆ ಉಳಿಯಿತು.

"ಕೆಟ್ಟ ಕಲ್ಲು," ಎಂದು ಮೇಷ್ಟ್ರು ಗಟ್ಟಿಯಾಗಿ ತೀರ್ಪು ಕೊಟ್ಟರು.

"ಕಪ್ಪೆಗೆ ಕೆಟ್ಟದ್ದು ಅನ್ನಿ, ಮೇಷ್ಟ್ರೇ," ಟೈಲರ್ ಪಿಸುಗುಟ್ಟಿದ.

ಅಷ್ಟರಲ್ಲಿ ಮಾಲೀಕರ ತಲೆ ಕಿಟಕಿಯಿಂದ ಈಚೆ ಬಂದಿತ್ತು. ಕಪ್ಪೆಯ ಮಾತು ಅವರ ಕಿವಿಗೆ ಹೋಗಲೇ ಇಲ್ಲ. ಕೆಟ್ಟ ಕಲ್ಲು ಎಂಬುದೊಂದೇ ಹೋಯಿತು. ಅಲ್ಲಿಂದ ಸುದ್ದಿ ಓಣಿಗೆಲ್ಲ ಹಬ್ಬಿತು. ಒಬ್ಬಳು ತನ್ನ ಅಡುಗೆ ಕಟ್ಟೆಯ ಚೂರು ತಂದಳು, ಇನ್ನೊಬ್ಬಳು ಉಂಗುರ ತಂದಳು. ಮೂಲೆಯ ಕ್ಷೌರಿಕ, ಆಪರೇಷನ್ ಮಾಡಿಸಿ ಹೊಟ್ಟೆಯಿಂದ ತೆಗೆಸಿದ ತನ್ನ ಕಲ್ಲನ್ನು ಶೀಶೆಯಲ್ಲಿ ಹಿಡಿದುಕೊಂಡು ಬಂದ. ಮೇಷ್ಟ್ರು ಅದಕ್ಕೂ ಹನಿ ಹಾಕಿದರು. ನೊರೆ ಬರಲಿಲ್ಲ.

"ಅಸಲಿ," ಎಂದರು.

"ನಾನು ಅವತ್ತೇ ಹೇಳಿದೆ, ಡಾಕ್ಟ್ರು ಮೋಸ ಮಾಡೋರಲ್ಲ ಅಂತ," ಎಂದು ಕ್ಷೌರಿಕ ಎದೆಯುಬ್ಬಿಸಿ ಹೊರಟ.

ಆ ಗಳಿಗೆಯಿಂದ ಒಳ್ಳೆಯದು ಕೆಟ್ಟದ್ದು ಹೋಗಿ, ನೊರೆ ಬಾರದ್ದು ಅಸಲಿ, ಬಂದದ್ದು ನಕಲಿ ಎಂದಾಯಿತು. ಹಾಗಲ್ಲ, ಹಾಗಲ್ಲ ಎಂದು ಟೈಲರ್ ಎಲ್ಲರ ಹಿಂದೆ ಓಡಾಡಿದ. ಗುಂಪು ಅವನನ್ನೂ ಎಳೆದುಕೊಂಡು ಕಲ್ಲಿನ ಅಂಗಡಿಗೆ ನುಗ್ಗಿತು. ಮೇಷ್ಟ್ರು ಗಿರಾಕಿಗಳ ಎದುರಿಗೇ ಹೊಳೆಯುವ ಹಾಸುಗಲ್ಲುಗಳ ಮೇಲೆ ಹನಿ ಹಾಕುತ್ತ ಹೋದರು. ಎರಡು ಕಡೆ ನೊರೆ ಬಂದದ್ದೇ ಗಿರಾಕಿಗಳು ಚಪ್ಪಲಿ ಹುಡುಕಿಕೊಂಡರು.

ಅಂಗಡಿಯವನು ಸೀದಾ ಟೈಲರ್ ಕೊರಳಪಟ್ಟಿ ಹಿಡಿದ. "ಏನು ಬೇಕೋ ನಿನಗೆ?"

"ನೊರೆ ಬಾರದ ನಾಲ್ಕು ನುಣ್ಣನೆ ಕಲ್ಲು, ಸ್ವಾಮಿ. ಕಪ್ಪೆಗೆ."

ಅಂಗಡಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಹಿತ್ತಲಿಗೆ ಹೋಗಿ, ನದಿಯಲ್ಲಿ ಉರುಳಿ ಸವೆದ ಕಪ್ಪು ಕಲ್ಲುಗಳ ಒಂದು ಬುಟ್ಟಿ ತಂದು ಅವನ ತಲೆಗೇ ಹೊರಿಸಿದ. "ತಗೊಂಡು ಹೋಗು. ಇನ್ನೊಂದು ಸಲ ಆ ಶೀಶೆ ಹಿಡ್ಕೊಂಡು ಈ ಕಡೆ ಬಂದ್ರೆ ನಿನ್ನ ಮೇಲೇ ಸುರೀತೀನಿ."

ಟೈಲರ್ ಕತ್ತು ಕುಸಿಯುವ ಭಾರ ಹೊತ್ತು ಹಿಗ್ಗಿನಿಂದ ಮನೆಗೆ ಬಂದ. ಶೀಶೆ ಮೇಷ್ಟ್ರ ಕೈಯಲ್ಲೇ ಉಳಿದಿದ್ದರಿಂದ ಅಡುಗೆಮನೆಯ ವಿನೆಗರನ್ನು ಚಮಚದಲ್ಲಿ ತಂದು ಒಂದೊಂದಕ್ಕೂ ಹನಿ ಹಾಕಿದ, ಯಾವುದೂ ಉಸಿರೆತ್ತಲಿಲ್ಲ. ಅಂಚು ಚೂಪೋ ಅಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಅವನಲ್ಲಿ ತನ್ನದೇ ಉಪಾಯವಿತ್ತು. ಕೋಟಿನ ಒಳಗೆ ಹೊಲಿಯುವ ತೆಳು ಲೈನಿಂಗ್ ಬಟ್ಟೆಯನ್ನು ಪ್ರತಿ ಕಲ್ಲಿನ ಮೇಲೂ ಎಳೆದ. ಎಳೆ ಸಿಕ್ಕಿಕೊಂಡ ಕಲ್ಲು ಆಚೆ, ಜಾರಿದ್ದು ಈಚೆ. ಉಳಿದವನ್ನು ಸೋಪು ಮುಟ್ಟಿಸದೆ ಬಿಸಿನೀರಲ್ಲಿ ತಿಕ್ಕಿ, ಆರಿಸಿ, ಒಂದರ ಮೇಲೊಂದು ಕೂರಿಸಿ, ಅಲ್ಲಾಡಿಸಿ ನೋಡಿ, ಕಪ್ಪೆ ನುಸುಳುವಷ್ಟು ಬಾಗಿಲು ಬಿಟ್ಟು ಒಂದು ಗವಿ ಕಟ್ಟಿದ. ಜೀವನದಲ್ಲಿ ಯಾರ ಅಂಗಿಗೂ ಅಷ್ಟು ಶ್ರದ್ಧೆಯಿಂದ ಅಳತೆ ಹಿಡಿದಿರಲಿಲ್ಲ.

ಹೊಸ ನೀರಿಗೆ ಕಪ್ಪೆಗಳು ಚೇತರಿಸಿಕೊಂಡಿದ್ದವು. ಗುಂಡಿ ಬಂದು ಗವಿಯ ಬಾಗಿಲಲ್ಲಿ ಮೂತಿಯಿಟ್ಟು ಮೂಸಿತು. ಕಾಜಾ ಅದನ್ನು ತಳ್ಳಿಕೊಂಡು ಒಳಗೆ ಹೋಗಿ ಅಲ್ಲಿಂದ ತಲೆ ಹೊರಹಾಕಿತು.

ಸಂಜೆ ಹೆಂಡತಿಯ ಅಕ್ಕ ಬಂದಳು. ಕುರ್ಚಿಯಲ್ಲಿ ಕೂರುವ ಮೊದಲೇ ತೊಟ್ಟಿಯ ಮುಂದೆ ಬಗ್ಗಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ. ಇವರ ಮನೆ ನಮ್ಮನೆಗಿಂತ ತಂಪಾಗಿದೆ ಅಲ್ವೇನೇ?"

ಹೆಂಡತಿ ಗಂಡನ ಕಡೆ ನೋಡಿದ ನೋಟದಲ್ಲಿ ಬಕೆಟ್ಟಿನ ಸುಳಿವಿರಲಿಲ್ಲ. ಟೈಲರ್ ಅರ್ಧ ಗೆದ್ದೆ ಎಂದುಕೊಂಡ. ಆಗಲೇ ಮೇಷ್ಟ್ರು ಶೀಶೆ ವಾಪಸ್ ಕೊಡುವ ನೆವದಲ್ಲಿ ಒಳಗೆ ಬಂದು, ಇಡೀ ದಿನದ ಕತೆ ಹೇಳಿ, ಅಕ್ಕನ ಕೊರಳ ಮುತ್ತಿನ ಸರದ ಮೇಲೆ ಕಣ್ಣಿಟ್ಟರು.

"ನನ್ನದನ್ನೂ ನೋಡಿ ಮೇಷ್ಟ್ರೇ," ಎಂದು ಅವಳೇ ಕುತೂಹಲದಿಂದ ಬಿಚ್ಚಿ ಕೊಟ್ಟಳು. "ಮದುವೆಯಾದ ಹೊಸತರಲ್ಲಿ ನಮ್ಮನೆಯವರು ತಂದುಕೊಟ್ಟಿದ್ದು."

ಮೇಷ್ಟ್ರು ಒಂದು ಮುತ್ತಿನ ತೂತಿನ ಹತ್ತಿರ ಹನಿ ಹಾಕಿ ಭೂತಗನ್ನಡಿ ಹಿಡಿದರು. ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ನಕಲಿ ಕಣಮ್ಮ."

ಹೆಂಡತಿ ತಡೆಯಲಾರದೆ ತನ್ನ ಸರ ಬಿಚ್ಚಿದಳು. ಅಕ್ಕನದ್ದರ ಹಾಗೇ ಇರಲಿ ಎಂದು ಟೈಲರ್ ತಂದುಕೊಟ್ಟ ಸರ. ಹನಿ ಬಿತ್ತು. ಒಂದು ಗುಳ್ಳೆಯೂ ಇಲ್ಲ.

"ಇದು ಅಸಲಿ."

ಹೆಂಡತಿಯ ಮುಖ ಅರಳಿದ್ದನ್ನು ನೋಡಿ ಟೈಲರಿಗೆ ಭಯವೇ ಆಯಿತು. "ಬಟ್ಟೆ ಹೊಲಿಯೋರು ಅಂತ ಎಲ್ರೂ ಹಗುರ ಮಾಡ್ತಿದ್ರಿ. ನೋಡಿದ್ಯಾ ಅಕ್ಕ, ನಮ್ಮೋರು," ಎಂದಳು. ಗಂಡನ ಕಡೆ ತಿರುಗಿ, "ರೀ, ಇನ್ನೂ ಎರಡು ಕಪ್ಪೆ ತರಬೇಕಂತಿದ್ರಲ್ಲ, ತನ್ನಿ," ಎಂದಳು.

ಟೈಲರ್ ಬೆವರು ಒರೆಸಿಕೊಂಡ. ಆ ಸರ ಬಂದದ್ದು ಅವನು ಲೇಸು, ಹುಕ್ಕು, ಝಿಪ್ಪು ಕೊಳ್ಳುವ ಅಂಗಡಿಯಿಂದ. ಅಪ್ಪಟ ಪ್ಲಾಸ್ಟಿಕ್ಕು. ನೊರೆ ಬರಲು ಅದರಲ್ಲೇನಿದೆ? ಬಾಯಿ ಮುಚ್ಚಿಕೊಂಡಿದ್ದರೆ ಹೆಂಡತಿ, ಕಪ್ಪೆ, ಮರ್ಯಾದೆ ಎಲ್ಲ ಉಳಿಯುತ್ತದೆ. ಅವನು ಬಾಯಿ ಮುಚ್ಚಿಕೊಂಡ.

ಅಕ್ಕ ಎದ್ದಳು. "ಇಷ್ಟು ವರ್ಷ ಇದನ್ನ ಕೊರಳಲ್ಲಿ ಮೆರೆಸಿದೆ. ಇನ್ನು ನಿಮ್ಮ ಕಪ್ಪೆಗಾದ್ರೂ ಆಗ್ಲಿ," ಎಂದು ಸರವನ್ನು ತೊಟ್ಟಿಗೆ ಎಸೆದಳು. ಅದು ಗವಿಯ ಮೇಲೆ ಬಿತ್ತು. ಮುತ್ತಿನಿಂದ ಮುತ್ತಿನಂಥದೇ ಗುಳ್ಳೆ ಮೇಲೆದ್ದಿತು. ಗುಂಡಿ ಇದೇನೋ ಎಂದು ಅದರ ಹತ್ತಿರ ಈಜಿತು.

ಟೈಲರಿಗೆ ಬೆಳಗಿನ ಎರಡು ತೇಲುವ ದೇಹಗಳು ಕಂಡವು. ಮೊಣಕೈವರೆಗೆ ಕೈ ಹಾಕಿ ಸರ ಎಳೆದುಕೊಂಡ.

"ಸುಣ್ಣ ಅಕ್ಕ, ಸುಣ್ಣ. ಕಪ್ಪೆ ಸಾಯ್ತಾವೆ."

"ಮುತ್ತಲ್ಲಿ ಎಲ್ಲಿಯ ಸುಣ್ಣ?"

"ಮುತ್ತು ಚಿಪ್ಪಲ್ಲಿ ಹುಟ್ಟಲ್ವಾ? ಚಿಪ್ಪು ಅಂದ್ರೆ ಸುಣ್ಣಾನೇ. ನೊರೆ ಬರಲೇಬೇಕು..." ಎಂದವನು ಅಲ್ಲಿಗೆ ನಿಲ್ಲಿಸಿದ. ತಡವಾಗಿತ್ತು.

ಮೇಷ್ಟ್ರು ಭೂತಗನ್ನಡಿ ಒರೆಸುತ್ತ ಯೋಚಿಸಿದರು. "ಹೌದಲ್ಲ. ಹಾಗಾದ್ರೆ ನೊರೆ ಬಂದದ್ದೇ ಅಸಲಿ ಮುತ್ತು. ಬಾರದ್ದು..."

ಮೂವರ ಕಣ್ಣೂ ಹೆಂಡತಿಯ ಕೈಯಲ್ಲಿದ್ದ ಸರಕ್ಕೆ ಹೋದವು. ಅವಳು ಅದನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು.

"ತಗೊಳ್ಳಿ. ಯಾವುದಾದ್ರೂ ಮಗುವಿನ ಫ್ರಾಕಿಗೆ ಹೊಲೀರಿ," ಎಂದು ಸರವನ್ನು ಅವನ ಒದ್ದೆ ಕೈಯಲ್ಲಿಟ್ಟಳು. "ಅಕ್ಕ, ನಡಿ. ಅಸಲಿ ಮುತ್ತು ಕೊಟ್ಟ ಭಾವನಿಗೆ ಒಂದು ಒಳ್ಳೇ ಮಾತು ಹೇಳ್ಬೇಕು, ನಾನೂ ಬರ್ತೀನಿ."

"ಕಪ್ಪೆ ಸಾಯ್ತಿತ್ತು ಕಣೇ," ಎಂದ ಟೈಲರ್.

ಅವಳು ಚಪ್ಪಲಿ ಮೆಟ್ಟಿಕೊಂಡಳು. ಅಕ್ಕನೂ ತಂಗಿಯೂ ಮಾಲೀಕರ ಕಲೆಬಿದ್ದ ಮೆಟ್ಟಿಲ ಪಕ್ಕದಿಂದ ಓಣಿಗಿಳಿದು, ಕ್ಷೌರಿಕನ ಅಂಗಡಿಯ ಮೂಲೆ ತಿರುಗಿ ಮರೆಯಾದರು. ಟೈಲರ್ ಎರಡು ಕೈಯಲ್ಲಿ ಎರಡು ಸರ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಅಕ್ಕನಾದರೂ ತನ್ನ ಸರಕ್ಕೆ ತಿರುಗಿ ಬಂದಾಳು ಎಂದು ಕಾದ. ದೀಪ ಹಚ್ಚುವ ಹೊತ್ತಾದರೂ ಇಬ್ಬರೂ ಬರಲಿಲ್ಲ.