ವಾಕಿಟಾಕಿಗೆ ಕಟ್ಟಿದ ಅರಿಶಿನದ ಕೊಂಬು

ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಕೆಲಸ ನನಗೆ ಸಿಕ್ಕಾಗ, ತೊಣ್ಣೂರು ಕೆರೆಯ ಸುತ್ತಲಿನ ಗುಡ್ಡಗಳು ಇನ್ನು ನಿಶ್ಚಿಂತೆಯಿಂದ ಇರಬಹುದು ಎಂದು ನನಗೆ ಮನಸಾರೆ ಅನ್ನಿಸಿತ್ತು. ಗುಡ್ಡಗಳಿಗೆ ಹಾಗೇನೂ ಅನ್ನಿಸಿರಲಿಲ್ಲವೆಂದು ಈಗ ಗೊತ್ತಾಗುತ್ತಿದೆ.

ಪಾಂಡವಪುರದಲ್ಲಿ ಅರ್ಧ ದಿನ ತರಬೇತಿ ಕೊಟ್ಟು ಕೈಗೊಂದು ಹಳೇ ವಾಕಿಟಾಕಿ ಇಟ್ಟರು. ಗುಡ್ಡದ ಮೇಲೆ ಮೊಬೈಲಿಗೆ ಸಿಗ್ನಲ್ ಇಲ್ಲ. ಹೊಗೆ ಕಂಡರೆ ಹೇಳಲು ಇದೊಂದೇ ದಾರಿ. ರೇಂಜರ್ ಸಾಹೇಬರು ತಾಳ್ಮೆಯಿಂದ ವಿವರಿಸಿದರು. ಇದು ವಿಎಚ್‌ಎಫ್ ಅಲೆ, ಬಯಲಿನಲ್ಲಿ ಬಹಳ ದೂರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ಅದಕ್ಕೇ ಎತ್ತರದಲ್ಲಿ ರಿಪೀಟರ್ ಎಂಬ ಯಂತ್ರ ಕೂತು, ಬಂದ ಮಾತನ್ನು ಎತ್ತಿ ಎಲ್ಲರಿಗೂ ಹಂಚುತ್ತದೆ. ನಮಗೆಲ್ಲ ಇರುವುದು ಒಂದೇ ಚಾನೆಲ್ಲು. ಪಕ್ಕದ ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಕಿವಿ. ಒಬ್ಬ ಒತ್ತಿ ಹಿಡಿದರೆ ಮಿಕ್ಕವರ ಬಾಯಿ ಬಂದ್.

ಈ ವಿದ್ಯೆಯನ್ನು ಮನೆಗೆ ಬಂದು ಹೆಂಡತಿ ಜಯಮ್ಮನಿಗೆ ಧಾರೆ ಎರೆದೆ. ಬೀದಿ ನಲ್ಲಿಯ ಕೆಳಗೆ ಒಂದು ಕೊಡ ಇಟ್ಟಿದ್ದರೆ ಉಳಿದವರು ಕಾಯುವುದಿಲ್ಲವೇ, ಹಾಗೆ ಎಂದೆ. ಅವಳು ರಾಗಿ ಮುದ್ದೆ ಕಟ್ಟುತ್ತಲೇ ಹೇಳಿದಳು: “ನಿಮ್ ಕೊಡ ತುಂಬಿ ಹರಿದ್ರೂ ಎತ್ತಾಕಿಲ್ವಲ್ಲ, ಅದೇ ನಂಗೆ ಭಯ ಕಣ್ರೀ.”

ಟ್ರಾಕ್ಟರು ತಂದರೂ ಪೂಜೆ, ಮಿಕ್ಸಿ ತಂದರೂ ಪೂಜೆ. ವಾಕಿಟಾಕಿಗೆ ಬೇಡವೇ? ಜಯಮ್ಮ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಅರಿಶಿನದ ದಾರ ಸುತ್ತಿದಳು. ಬರೀ ದಾರ ಬಡವಾಗಿ ಕಂಡಿತು. ಒಂದು ದಪ್ಪ ಅರಿಶಿನದ ಕೊಂಬನ್ನೂ ಕಟ್ಟಬೇಕೆಂದು ನಾನೇ ಹಟ ಹಿಡಿದೆ. ಅವಳು ಬೇಡವೆಂದಳು. ಶಾಸ್ತ್ರ ಅಂದರೆ ಪೂರ್ತಿ ಮಾಡಬೇಕು ಎಂದು ನಾನೇ ಕಟ್ಟಿದೆ!

ನಾನು ಕಾಯಬೇಕಾದ ಗುಡ್ಡದ ಹಿಂಬದಿಯಲ್ಲಿ ಒಂದು ಬಂಡೆಯ ಸಂದಿ. ಅಲ್ಲಿ ತೋಳವೊಂದು ಮೂರು ಮರಿ ಹಾಕಿತ್ತು. ಹಿಂಬದಿಯ ಹುಲ್ಲು ಹತ್ತಿಕೊಂಡರೆ ಮರಿಗಳು ಉಳಿಯುವುದಿಲ್ಲ, ಕಣ್ಣು ಅತ್ತಲೇ ಇರಲಿ ಎಂದು ಸಾಹೇಬರು ಎರಡೆರಡು ಸಲ ಹೇಳಿದ್ದರು. ಸಂಜೆ ಹೊತ್ತು ಮರಿಗಳು ಒಂದರ ಬಾಲ ಇನ್ನೊಂದು ಕಚ್ಚಿ ಉರುಳಾಡುವುದನ್ನು ದೂರದಿಂದ ನೋಡಿದ್ದೆ. ಅವುಗಳ ಮೇಲೆ ನನಗೆ ಜೀವವೇ ಇತ್ತು.

ಆದರೆ ಮುಂಬದಿಯಲ್ಲಿ ಕೆರೆ ಇತ್ತಲ್ಲ. ಬಿಸಿಲೇರಿದಂತೆ ನೀರು ಹಸಿರಾಗುತ್ತದೆ, ಆಮೇಲೆ ನೀಲಿಯಾಗುತ್ತದೆ, ಆಮೇಲೆ ಬಣ್ಣವೇ ಇಲ್ಲದೆ ಆಕಾಶದ ಜೊತೆ ಸೇರಿಕೊಳ್ಳುತ್ತದೆ. ಅದಕ್ಕೂ ಆಚೆ ಕ್ಯಾತನಹಳ್ಳಿ ಕಡೆಯ ಕಬ್ಬಿನ ಗದ್ದೆಗಳು ಮಬ್ಬಿನಲ್ಲಿ ತೇಲುತ್ತವೆ. ಎಷ್ಟು ಹೊತ್ತು ನೋಡಿದರೂ ನಾನು ಅಲ್ಲಿ ಇದ್ದೇನೋ ಇಲ್ಲವೋ ಎಂಬಂಥ ಸುಖ.

ಮೂರನೇ ದಿನ ಗುಡ್ಡ ಹತ್ತುವಾಗ ಕೊಂಬು ಸಡಿಲಾಗಿ ಜಾರಿತು. ಕೆರೆ ನೋಡುತ್ತಲೇ ಅದು ಜಾರಿದ ಜಾಗದಲ್ಲೇ ದಾರ ಬಿಗಿದು ಎರಡು ಗಂಟು ಹಾಕಿದೆ. ಸೆಟ್ಟಿನ ಮೇಲೆ ಪುಟ್ಟ ಕೆಂಪು ದೀಪ ಹತ್ತಿತು. ಪೂಜೆಯ ಫಲ ಎಂದುಕೊಂಡೆ.

ಅಂದು ರೇಡಿಯೋದಲ್ಲಿ ಒಂದು ಸದ್ದೂ ಇಲ್ಲ. ಕಾಡು ಕ್ಷೇಮವಾಗಿದೆ ಎಂದು ತಿಳಿದೆ. ಅಂಥ ನಿಶ್ಶಬ್ದದಲ್ಲಿ ಕನಸು ತಾನಾಗಿ ಬಂತು. ನನಗೆ ಸನ್ಮಾನ ನಡೆಯುತ್ತಿದೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ನಾನು ಎದ್ದು ನಿಂತು ಭಾಷಣವನ್ನು ಗಟ್ಟಿಯಾಗಿಯೇ ಅಭ್ಯಾಸ ಮಾಡಿದೆ. ಈ ಅರಣ್ಯ ನನ್ನ ರೆಪ್ಪೆಯ ಮೇಲೆ ನಿಂತಿದೆ ಎಂದೆ. ಸಾಹೇಬರು ಒಳ್ಳೆಯವರು, ಆದರೆ ಗುಡ್ಡ ಹತ್ತಲು ಅವರ ಹೊಟ್ಟೆ ಬಿಡುವುದಿಲ್ಲ ಎಂದೆ. ನನ್ನ ಈ ಏಳಿಗೆಯಲ್ಲಿ ಶ್ರೀಮತಿಯವರ ಪಾತ್ರ ಏನೂ ಇಲ್ಲ ಎಂದು ವಿನಯದಿಂದ ಸೇರಿಸಿದೆ.

ಚಪ್ಪಾಳೆಯ ಬದಲು ಬುತ್ತಿ ಡಬ್ಬಿ ಕೆಳಗೆ ಬಿದ್ದ ಸದ್ದು ಕೇಳಿತು. ಜಯಮ್ಮ ಊಟ ತಂದಿದ್ದಳು. ಅವಳಿಗೆ ವಿಪರೀತ ಕೋಪ ಬಂದರೆ ‘ನೀವು’ ಹೋಗಿ ‘ನೀನು’ ಬರುತ್ತದೆ.

“ಅಲ್ಲ ಕಣಯ್ಯ, ಗುಡ್ಡದ ಇಂದ್ಗಡೆ ಒಂಟಿ ಆಲದ ಮರದ ತಾವ ಬೆಂಕಿ ಬಿದ್ದದೆ. ಗಾಳಿ ತೋಳನ ಬಂಡೆ ಕಡೀಕೇ ಬೀಸ್ತಾದೆ. ನೀನು ಕೆರೆಗೆ ಭಾಸಣ ಮಾಡ್ತಾ ನಿಂತಿದ್ದೀಯಲ್ಲ!”

ತಿರುಗಿ ನೋಡಿದೆ. ಹೊಗೆ! ಗಾಬರಿಯಲ್ಲಿ ಸೆಟ್ಟನ್ನು ದಾರದ ಸಮೇತ ಹಿಸುಕಿ ಹಿಡಿದು ಕೂಗಿದೆ, ಉತ್ತರವೇ ಇಲ್ಲ. ಮತ್ತೆ ಕೂಗಿದೆ. ಇಲ್ಲ. ಇಬ್ಬರೂ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಓಡಿ, ಹತ್ತಿದ ಹುಲ್ಲನ್ನು ಬಡಿಯತೊಡಗಿದೆವು. ಬೆಂಕಿ ನಮಗಿಂತ ಚುರುಕಾಗಿತ್ತು. ಮೂರು ಮರಿಗಳ ಮುಖ ಕಣ್ಣಿಗೆ ಕಟ್ಟಿ ನಾನು ಅತ್ತುಬಿಟ್ಟೆ. ಹೊಗೆಯಿಂದ ಬಂದ ನೀರು ಎಂದು ಆಮೇಲೆ ಹೇಳಿಕೊಂಡಿದ್ದೇನೆ, ಸುಳ್ಳು.

ಅಷ್ಟರಲ್ಲಿ ಇಲಾಖೆಯ ಜೀಪು ನೇರವಾಗಿ ಆಲದ ಮರದ ಬಳಿಯೇ ಬಂದು ನಿಂತಿತು. ಆರು ಜನ ಇಳಿದು ಬಡಿದರು. ಬಂಡೆಗೆ ಹತ್ತು ಮಾರು ಉಳಿದಿರುವಾಗ ಬೆಂಕಿ ಸತ್ತಿತು. ಸಂದಿಯೊಳಗಿಂದ ಒಂದು ಪುಟ್ಟ ಮೂತಿ ಇಣುಕಿ ನಮ್ಮನ್ನೆಲ್ಲ ನೋಡಿ ಒಳಗೆ ಹೋಯಿತು.

ಇವರಿಗೆ ಹೇಳಿದವರು ಯಾರು? ಜೀಪಿನ ಡ್ರೈವರ್ ನಯಾಜ್ ನನ್ನ ಸೆಟ್ಟು ತೆಗೆದುಕೊಂಡು ದಾರ ಕಿತ್ತ. ಅರಿಶಿನದ ಕೊಂಬು ಕೂತಿದ್ದು ಸರಿಯಾಗಿ ಮಾತಿನ ಗುಂಡಿಯ ಮೇಲೆ. ಕೆಂಪು ದೀಪ ಆರಿತು. ಆರಿದ್ದೇ ತಡ, ಪಕ್ಕದ ಗುಡ್ಡದ ಕಾವಲಿನವನು ಅದರೊಳಗಿಂದ ಹೊಗೆ, ಹೊಗೆ ಎಂದು ಕೂಗತೊಡಗಿದ.

“ಒಂದು ಗಂಟೆ ಹೊತ್ತಿಂದ ಇಡೀ ರೇಂಜಿಗೆ ನಿಮ್ದೇ ಭಾಷಣ, ಗೌಡ್ರೇ,” ಎಂದ. “ಪಕ್ಕದ ಗುಡ್ಡದವ್ನಿಗೆ ಹೊಗೆ ಕಂಡಿತ್ತಂತೆ ಭಾಯ್, ಹೇಳಾಕೆ ಚಾನೆಲ್ಲೇ ಖಾಲಿ ಇಲ್ಲ. ನಿಮ್ಗೆ ಉಗಿಯೋಣ ಅಂತ ಬರ್ತಾ ಇದ್ವಿ. ದಾರೀಲಿ ಜೀಪಿನ ಸೆಟ್ಟಲ್ಲಿ ಭಾಬಿ ಬೈದಿದ್ದು ಕೇಳ್ತು, ಅದ್ರಲ್ಲಿ ಅಡ್ರೆಸ್ ಸಿಕ್ತು.”

ಸಾಹೇಬರು ಗುಡ್ಡ ಹತ್ತಿ ಬಂದರು. ಹೊಟ್ಟೆಯ ಸಮೇತ. ಏದುಸಿರು ಬಿಡುತ್ತ ಜಯಮ್ಮನಿಗೆ ಕೈ ಮುಗಿದರು. ಎಲ್ಲಿ ಬೆಂಕಿ, ಯಾವ ಕಡೆ ಗಾಳಿ, ಏನು ಅಪಾಯ, ಮೂರನ್ನೂ ಒಂದೇ ಉಸಿರಿಗೆ ಹೇಳಿದ್ದೀರಿ, ನಮ್ಮ ತರಬೇತಿಯಲ್ಲಿ ಕಲಿಸುವುದೂ ಇದನ್ನೇ ಎಂದರು. ನಯಾಜ್ ಕೈಯಲ್ಲಿದ್ದ ನನ್ನ ಸೆಟ್ಟನ್ನು ತೆಗೆದು ಅವಳ ಕೈಗೇ ಕೊಟ್ಟರು. ನನಗೆ ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಈ ಬೇಸಿಗೆ ಆ ಗುಡ್ಡದ ಕಾವಲು ಜಯಮ್ಮನದು. ಅವಳು ಕೆರೆಗೆ ಬೆನ್ನು ಹಾಕಿ ಕೂರುತ್ತಾಳೆ, ಸೆಟ್ಟಿಗೆ ಕುಂಕುಮ ಮಾತ್ರ. ನಾನು ಅಡುಗೆ ಮಾಡಿ ಬುತ್ತಿ ಹೊತ್ತುಕೊಂಡು ಹತ್ತುತ್ತೇನೆ. ನಿನ್ನೆ ನೀರು ಎಂದೂ ಇಲ್ಲದ ಬಣ್ಣಕ್ಕೆ ತಿರುಗಿತ್ತು. ಹೇಳೋಣವೆಂದು ಬಾಯಿ ತೆರೆದೆ.

“ಸುಮ್ಕಿರಿ,” ಎಂದಳು. “ಸಾಹೇಬ್ರು ಮಾತಾಡ್ತಾವ್ರೆ.”

ಸುಮ್ಮನೆ ಡಬ್ಬಿ ಬಿಚ್ಚಿ ಬಡಿಸಿದೆ. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ.