ಗೆರೆ ದಾಟಿದ ರೀಡಿಂಗು

ಕಂಪ್ಯೂಟರಿಗೆ ಪಾಠ ಹೇಳಲು ಹೊರಟವನು ತಾನು ಏನು ಕಲಿತಿದ್ದೇನೆಂದು ಮೊದಲು ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ. ಅದಕ್ಕೇ ಪಿಎಚ್‌ಡಿಯ ಆರನೇ ವರ್ಷದಲ್ಲಿ, ಮತ್ತಿಕೆರೆಯ ಬಾಡಿಗೆ ಮನೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೇನೆ. "ಡಾಕ್ಟರ್ ಯಾವಾಗ ಆಗ್ತೀರಿ?" ಎಂದು ಕೇಳುವುದನ್ನು ನಮ್ಮತ್ತೆ ಬಿಟ್ಟೇಬಿಟ್ಟಿದ್ದಾರೆ. ಕೇಳುತ್ತಿದ್ದಾಗಲೇ ವಾಸಿಯಿತ್ತು.

ನನ್ನ ಸಂಶೋಧನೆ ಕೇಳಲು ದೊಡ್ಡದು, ಮೂಸಿದರೆ ಗಬ್ಬು. ಯಲಹಂಕದ ಕಡೆ ನಾನು ಪಾಠ ಮಾಡುವ ಕಾಲೇಜಿನ ಹಾಸ್ಟೆಲಿನಲ್ಲಿ ಮಿಕ್ಕ ಊಟವನ್ನೆಲ್ಲ ತೊಟ್ಟಿಗೆ ಸುರಿದು ಕೊಳೆಸಿ, ಬರುವ ಗ್ಯಾಸಿನಿಂದ ಒಂದು ಇಂಜಿನ್ ಓಡಿಸುವುದು. ಎಷ್ಟು ಲೋಡಿಗೆ ಎಷ್ಟು ಗ್ಯಾಸ್ ಕುಡಿಯುತ್ತದೆ, ಹೊಗೆಯಲ್ಲಿ ಏನೇನು ಬಿಡುತ್ತದೆ ಎಂದು ಬರೆದುಕೊಂಡು, ಆ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ, ಮುಂದೆ ಇಂಜಿನ್ ಓಡಿಸದೆಯೇ ಅದರ ಜಾತಕ ಹೇಳಿಸುವುದು. ನನ್ನ ಮಷೀನ್ ಲರ್ನಿಂಗ್ ಅಂದರೆ ಇಷ್ಟೇ. ನಾನು ಕ್ಲಾಸು, ಇಂಟರ್ನಲ್ ಪರೀಕ್ಷೆ ಎಂದು ಓಡಾಡಿಕೊಂಡಿದ್ದುದರಿಂದ ರೀಡಿಂಗ್ ಬರೆಯುವ ಕೆಲಸ ಲ್ಯಾಬಿನ ಅಟೆಂಡರ್ ರಂಗಪ್ಪನವರ ಪಾಲಿಗೆ ಬಂದಿತ್ತು. ಅಬ್ಬಿಗೆರೆಯವರು, ನಿವೃತ್ತಿಗೆ ಹತ್ತಿರವಾದವರು, ಪ್ರತಿ ಆಯುಧಪೂಜೆಗೂ ಆ ಇಂಜಿನ್ನಿನ ಮುಂದೆ ಕುಂಬಳಕಾಯಿ ಒಡೆದವರು.

ಕಳೆದ ತಿಂಗಳು ಕಂಪ್ಯೂಟರ್ ಹೇಳಿದ್ದಕ್ಕೂ ರಂಗಪ್ಪನವರು ಬರೆದಿದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಗೈಡ್ ಬೆನ್ನು ತಟ್ಟಿದರು. ನಾನು ಸಂಜಯನಗರದ ಬೇಕರಿಯಿಂದ ದಿಲ್‌ಪಸಂದ್ ತಂದು ಇಡೀ ಡಿಪಾರ್ಟ್‌ಮೆಂಟಿಗೆ ಹಂಚಿದೆ. ತಿಂದು ಕೈ ಒರೆಸಿಕೊಳ್ಳುತ್ತಾ ಗೈಡ್, "ಥೀಸಿಸ್ ಕೊಡೋಕ್ ಮುಂಚೆ ಒಂದ್ಸಲ ನನ್ ಕಣ್ಮುಂದೆ ಓಡಿಸಿ ತೋರಿಸಪ್ಪಾ" ಅಂದರು. ಮರುವಾರ ಓಡಿಸಿದೆ. ಇಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಕಂಪ್ಯೂಟರ್ ಹೇಳಿದ ಒಂದು ಅಂಕಿಯೂ ತಾಳೆಯಾಗಲಿಲ್ಲ. ಗೈಡ್ ಗಡಿಯಾರ ನೋಡಿಕೊಂಡು ಎದ್ದು ಹೋದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ರಂಗಪ್ಪನವ್ರೇ, ಏನ್ರೀ ಇದು?"

"ಮೊನ್ನೆ ಹಾಸ್ಟೆಲಲ್ಲಿ ಚಿತ್ರಾನ್ನ ಮಿಕ್ಕಿತ್ತಲ್ಲ ಸಾರ್. ತೊಟ್ಟಿಗೆ ನಿಂಬೆ ಉಳಿ ಬಿದ್ರೆ ಮೂರ್ನೇ ದಿನ ಇದು ಇಂಗೇ ಆಡೋದು."

"ಮತ್ತೆ ರೀಡಿಂಗ್ ಪುಸ್ತಕದಲ್ಲಿ ಒಂದ್ ದಿನಾನೂ ಹೀಗೆ ಬರ್ದಿಲ್ವಲ್ಲ?"

"ಮೊದ್ಲನೇ ತಿಂಗ್ಳು ಬರ್ದಿದ್ದೆ ಸಾರ್. ನೀವೇ ಗ್ರಾಫ್ ಎಳ್ದು, ಇದು ಗೆರೆಯಿಂದ ಆಚೆ ಹೋಗಿದೆ, ಕಣ್ ಕಾಣಲ್ವೇನ್ರೀ ಅಂತ ಬೈದ್ರಿ. ಆಮೇಲಿಂದ ಗೆರೆ ಮ್ಯಾಲೇ ಕೂರಂಗೆ ಬರ್ಕೊಂಡ್ ಬಂದೆ. ನಿಮಗ್ಯಾಕೆ ಬೇಜಾರ್ ಮಾಡೋದು ಅಂತ."

ಅವರ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಮೂರು ವರ್ಷ ನನ್ನ ಕಂಪ್ಯೂಟರ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದು ನನ್ನ ಸಿಟ್ಟಿಗೆ ಹೆದರಿದ ರಂಗಪ್ಪನವರನ್ನು. ಅವರನ್ನು ಬೈಯಲು ಬಾಯಿ ಬರಲಿಲ್ಲ. ಇಂಜಿನಿಯರಿಂಗ್ ಓದುವಾಗ ಲ್ಯಾಬ್ ರೆಕಾರ್ಡಿನಲ್ಲಿ ಮೊದಲು ಗ್ರಾಫ್ ಎಳೆದು, ಆಮೇಲೆ ಅದಕ್ಕೆ ತಕ್ಕ ರೀಡಿಂಗ್ ಬರೆದವನೇ ನಾನೂ. ಅದಕ್ಕೆ ಪೂರ್ತಿ ಮಾರ್ಕ್ಸೂ ಬಂದಿತ್ತು.

ಈಗ ಎಲ್ಲವೂ ಮೊದಲಿನಿಂದ. ಹೊಸ ಪುಸ್ತಕದಲ್ಲಿ ಹಾಸ್ಟೆಲ್ ಊಟಕ್ಕೂ ಒಂದು ಕಾಲಂ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ನಾನೇ ಇಂಜಿನ್ನಿನ ಮುಂದೆ ಪೆನ್ಸಿಲ್ ಹಿಡಿದು ಕುಳಿತೆ. ಮೂರು ರೀಡಿಂಗ್ ಮುದ್ದಾಗಿ ಬಂದವು. ನಾಲ್ಕನೆಯದು ಎಲ್ಲಿಗೋ ಹಾರಿತು. ಬರೆದೆ. ಮೀಟರ್ ತಟ್ಟಿದೆ, ಕನ್ನಡಕ ಒರೆಸಿ ನೋಡಿದೆ, ಆಮೇಲೆ ಮೆಲ್ಲಗೆ ರಬ್ಬರ್ ಎತ್ತಿಕೊಂಡೆ. ಪಕ್ಕದಲ್ಲಿದ್ದ ರಂಗಪ್ಪನವರು ಜೇಬಿನಿಂದ ತಮ್ಮ ಪೆನ್ನು ತೆಗೆದು, ಕ್ಯಾಪ್ ಬಿಚ್ಚಿ, ನನ್ನ ಮುಂದಿಟ್ಟರು.