ಕಾಫಿ ಮಿಷನ್ನೂ ಅವ್ವನ ಬಲಗೈಯೂ

ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗುವ ಗಂಡಸೇ ಅಡುಗೆಮನೆಯ ಯಂತ್ರಗಳ ಬಗ್ಗೆ ಎಲ್ಲರಿಗಿಂತ ಖಚಿತವಾಗಿ ಮಾತಾಡುತ್ತಾನೆ. ಬೇರೆಯವರ ಸುದ್ದಿ ಯಾಕೆ, ನಾನೇ ಅಂಥವನು. ಎಂಬತ್ತರ ದಶಕದಲ್ಲಿ ನಾನು ಕಲ್ಯಾಣದುರ್ಗದ ಕರೆಂಟ್ ಆಫೀಸಿನಲ್ಲಿ ಗುಮಾಸ್ತ. ಫ್ಯೂಸು ಹಾಕಲು ನನಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅರ್ಜಿಗಳನ್ನು ಫೈಲಿಗೆ ಸೇರಿಸುವುದೊಂದೇ. ಆದರೂ ಬೀದಿಯವರು ಮಿಕ್ಸಿ ಕೊಳ್ಳುವ ಮೊದಲು ನನ್ನನ್ನು ಕೇಳುತ್ತಿದ್ದರು. ನಾನೂ ಕನ್ನಡಕ ಸರಿಮಾಡಿಕೊಂಡು, ಮೋಟಾರಿನ ವಿಷಯವಾಗಿ ಬಾಯಿಗೆ ಬಂದದ್ದನ್ನು ಗಂಭೀರವಾಗಿ ಹೇಳುತ್ತಿದ್ದೆ. ಅವರು ನಂಬುತ್ತಿದ್ದರು. ಕ್ರಮೇಣ ನಾನೂ ನಂಬಿದೆ.

ನಮ್ಮ ಮನೆಯ ಕಾಫಿ ಪುಡಿ ಹಿಂದೂಪುರದಿಂದ ಬರಬೇಕಿತ್ತು. ನನ್ನ ಹೆಂಡತಿ ಶಾರದಳ ತವರು ಚಿಲಮತ್ತೂರು. ಅಲ್ಲಿಂದ ನಮ್ಮ ಕಡೆ ಬರುವವರು ಯಾರಾದರೂ ಹಿಂದೂಪುರದಲ್ಲಿ ಬೀಜ ಪುಡಿ ಮಾಡಿಸಿ ತಂದುಕೊಡುತ್ತಿದ್ದರು. ಮೊದಲ ವಾರ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಪಕ್ಕದ ಮನೆಯ ಗಂಗಮ್ಮನವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಮೂರನೇ ವಾರಕ್ಕೆ ಪುಡಿಯ ವಾಸನೆ ಹೋಗುತ್ತಿತ್ತು, ಗಂಗಮ್ಮನವರೂ ಬರುತ್ತಿರಲಿಲ್ಲ. ಬೀಜವನ್ನು ಮನೆಯಲ್ಲೇ ದಿನಾ ಪುಡಿ ಮಾಡುವ ಮಿಷನ್ನೊಂದು ಬೇಕೆಂದು ಶಾರದ ಹೇಳಿದಾಗ, ಆ ಆಯ್ಕೆ ನನ್ನದೇ ಎಂದು ನಾನು ತೀರ್ಮಾನಿಸಿಬಿಟ್ಟೆ.

ಅದೇ ವರ್ಷ ನಮ್ಮ ಅವ್ವನ ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ತಲೆ ಬಾಚಿ ತುರುಬು ಹಾಕಲು ಸೊಸೆಯೇ ಬೇಕು. ಜೀವಮಾನವೆಲ್ಲ ಯಾರಿಂದಲೂ ಒಂದು ಲೋಟ ನೀರು ಕೇಳಿದವಳಲ್ಲ ನಮ್ಮವ್ವ. ಶಾರದಳ ಮುಂದೆ ಬಾಚಣಿಗೆ ಹಿಡಿದು ಕೂರುವಾಗ ಅವಳು ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು. ಹಿಂದೂಪುರದ ಮೂಳೆ ಡಾಕ್ಟರು, ದಿನಾ ಕೈಯನ್ನು ಚಕ್ರದ ಹಾಗೆ ತಿರುಗಿಸದಿದ್ದರೆ ಭುಜ ಹೀಗೆಯೇ ಉಳಿದುಬಿಡುತ್ತದೆ ಎಂದಿದ್ದರು. ಅವ್ವ ಎರಡು ದಿನ ತಿರುಗಿಸಿ ನಿಲ್ಲಿಸಿದಳು.

"ನಂಗೇನ್ ಬುದ್ಧಿ ಕೆಟ್ಟೈತೇನ್ಲಾ, ಸುಮ್‌ಸುಮ್ಕೆ ಗಾಳಿನಾಗೆ ಕೈ ತಿರುಗ್ಸಾಕೆ? ಯಾರಾನಾ ನೋಡಿದ್ರೆ ಏನಂದ್ಕೋತಾರೆ?"

ನಾನು ಬೇಡಿಕೊಂಡೆ, ರೇಗಿದೆ, ಕೊನೆಗೆ ಸುಮ್ಮನಾದೆ.

ಮಿಷನ್ನು ಕೊಳ್ಳಲು ಶಾರದಳೂ ನಾನೂ ಬಸ್ಸು ಹತ್ತಿ ಹಿಂದೂಪುರಕ್ಕೆ ಹೋದೆವು. ಇಳಿದ ಕೂಡಲೇ ಅವಳು, "ಬಳೆ ತಗೊಂಡು ಬತ್ತೀನಿ, ನೀವು ನಡೀರಿ" ಎಂದು ಹೋದಳು. ಕಾಫಿ ಅಂಗಡಿಯ ಶೆಟ್ಟರು "ಕೂರ್ಚೋಂಡಿ ಸಾರ್" ಎಂದು ತೆಲುಗಿನಲ್ಲಿ ಕೂರಲು ಹೇಳಿ ಸ್ಟೂಲು ಕೊಟ್ಟರು. ಗೋಡೆಯ ಮೇಲೆ ಯಾವುದೋ ವಿದೇಶಿ ಪತ್ರಿಕೆಯಿಂದ ಕತ್ತರಿಸಿದ ಚಿತ್ರವಿತ್ತು. ಮೇಲೆ ಬೀಜ ಸುರಿದರೆ ಕೆಳಗಿನ ಕಪ್ಪಿಗೆ ಕಾಫಿಯೇ ಇಳಿಯುವ ಯಂತ್ರವಂತೆ. ನಾನು ಅದರ ಮುಂದೆ ದೇವರ ಪಟದ ಮುಂದೆ ನಿಂತಂತೆ ನಿಂತೆ. "ಹಾಲು ಯಾರು ಕಾಯಿಸ್ತಾರೆ?" ಎಂದು ಕೇಳಿದೆ. ಶೆಟ್ಟರಿಗೂ ಗೊತ್ತಿರಲಿಲ್ಲ. ಅದು ಸಿಗುವಂಥದ್ದಲ್ಲ ಬಿಡಿ ಎಂದು, ಗುಂಡಿ ಒತ್ತಿದರೆ ಗುರ್ರೆನ್ನುವ ಒಂದು ಕರೆಂಟ್ ಗ್ರೈಂಡರನ್ನು ಮುಂದಿಟ್ಟರು. ಅದನ್ನು ಕಟ್ಟಿಕೊಡಿ ಎನ್ನುವಷ್ಟರಲ್ಲಿ ಶಾರದ ಬಂದಳು, ಬಳೆಯಿಲ್ಲದೆ.

"ಇದು ಬೇಡ, ಅದು ಕೊಡಿ ಶೆಟ್ರೇ" ಎಂದು ಮೂಲೆಯಲ್ಲಿದ್ದ ಕಬ್ಬಿಣದ ಕೈಮಿಷನ್ನು ತೋರಿಸಿದಳು. ಮೇಲೊಂದು ಬಟ್ಟಲು, ಪಕ್ಕದಲ್ಲಿ ತಿರುಗಿಸುವ ಹಿಡಿ, ಹಲಗೆಗೆ ಬಿಗಿಯಲು ತಿರುಪು.

"ಕರೆಂಟ್ ಆಫೀಸಿನವನ ಮನೆಗೆ ಕೈಮಿಷನ್ನಾ? ತಿರುಗಿಸೋರು ಯಾರು?"

"ಅತ್ತೆ ತಿರುಗಿಸ್ತಾರೆ."

ಶೆಟ್ಟರು ತಕ್ಷಣ ತಕ್ಕಡಿ ಒರೆಸಲು ಶುರುಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಕೈ ಎತ್ತಲಾಗದ ಮುದುಕಿಯ ಕೈಯಲ್ಲಿ ಚಾಕರಿ ಮಾಡಿಸುತ್ತೀಯಾ ಎಂದು ನಾಲ್ಕು ಜನರ ಎದುರಿಗೇ ಅಂದುಬಿಟ್ಟೆ. ಶಾರದಳ ಮುಖ ಚಿಕ್ಕದಾಯಿತು, ಆದರೆ ಮಿಷನ್ನನ್ನು ಕೈಬಿಡಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದುರ್ಗದವರೆಗೆ ಕಿಟಕಿಯಾಚೆಯ ಕಡಲೆಕಾಯಿ ಹೊಲಗಳನ್ನೇ ನೋಡುತ್ತಾ ಕೂತಳು. ನಾನು ಈ ಕಡೆಯ ಹೊಲಗಳನ್ನು ನೋಡಿದೆ.

ಮರುದಿನ ಬೆಳಿಗ್ಗೆ ಅವಳು ಮಿಷನ್ನನ್ನು ಗೋಡೆಗೆ ಒತ್ತಿದ ಗಿಡ್ಡ ಬೆಂಚಿಗೆ ಬಿಗಿದಿದ್ದಳು. ಎಡಗೈ ಹಾಕಲು ಜಾಗವೇ ಇಲ್ಲ.

"ಅತ್ತೇ, ನನ್ ಕೈ ಹಿಟ್ಟಿನಾಗೈತೆ. ಒಂಚೂರು ತಿರುಗಿಸಿಕೊಡ್ತೀರಾ?"

"ಬತ್ತೀನಿ ಇರು ಕಣಮ್ಮ" ಎಂದು ಅವ್ವ ಎದ್ದೇಬಿಟ್ಟಳು. ಹಲ್ಲು ಕಚ್ಚಿಕೊಂಡು ನಾಲ್ಕು ಸುತ್ತು, ನಿಂತು ನಾಲ್ಕು ಸುತ್ತು. ನಾನು ಹಿಡಿ ಕಿತ್ತುಕೊಳ್ಳಲು ಹೋದರೆ, "ಅತ್ಲಾಗೆ ಹೋಗ್ಲಾ, ಪುಡಿ ದಪ್ಪ ಆಯ್ತದೆ" ಎಂದು ಗದರಿದಳು. ಅವತ್ತಿನ ಕಾಫಿಯ ವಾಸನೆಗೆ ಗಂಗಮ್ಮನವರು ಓಡಿಬಂದರು. ಅವ್ವ ಅವರಿಗೆ ಲೋಟ ಕೊಟ್ಟು, "ನಾನೇ ಪುಡಿ ಮಾಡಿದ್ದು" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಆ ಗತ್ತು ಕೇಳಿದೆ. ಆದರೂ ಶಾರದಳೊಂದಿಗೆ ಮಾತು ಬಿಟ್ಟಿದ್ದವನು ಬಿಟ್ಟೇ ಇದ್ದೆ.

ಮಿಷನ್ನು ಒಂದು ಕಡೆ ನಿಲ್ಲಲಿಲ್ಲ. ಎರಡು ವಾರಕ್ಕೆ ಬೆಂಚಿನಿಂದ ಮೇಜಿಗೆ ಹೋಯಿತು. ಮತ್ತೆರಡು ವಾರಕ್ಕೆ ಕಿಟಕಿಯ ಹಲಗೆಗೆ ಏರಿತು. ಇದೆಂಥ ಅವ್ಯವಸ್ಥೆ ಎಂದು ನಾನು ಗೊಣಗಿದೆ. ಶಾರದ ತಿರುಪು ಬಿಗಿಯುತ್ತಲೇ ಇದ್ದಳು.

ಎರಡು ತಿಂಗಳಾದ ಮೇಲೆ ಅವ್ವನನ್ನು ಕರೆದುಕೊಂಡು ಮೂವರೂ ಡಾಕ್ಟರ ಹತ್ತಿರ ಹೋದೆವು. ಅವರು ಅವ್ವನ ಕೈ ಎತ್ತಿದರು. ಅದು ಕಿವಿಯ ಪಕ್ಕಕ್ಕೆ ಬಂತು. ಅವ್ವ ಎದ್ದು ಹೊರಗೆ ಹೋದ ಮೇಲೆ ಡಾಕ್ಟರು ಶಾರದಳ ಕಡೆ ತಿರುಗಿ, "ಅವತ್ತು ಒಬ್ಬರೇ ಬಂದು ಕೇಳಿಕೊಂಡು ಹೋದ್ರಲ್ಲಮ್ಮ, ಹಾಗೇ ಮಿಷನ್ನನ್ನು ಎರಡೆರಡು ವಾರಕ್ಕೆ ಸ್ವಲ್ಪ ಸ್ವಲ್ಪ ಎತ್ತರಕ್ಕೆ ಏರಿಸಿದ್ರಾ?" ಎಂದರು. ಅವಳು ಹೂಂ ಎಂದಳು. ಕೊಳ್ಳದ ಬಳೆಗಳ ಲೆಕ್ಕ ನನಗೆ ಆಗ ಸಿಕ್ಕಿತು. ಅಂಗಡಿಯಲ್ಲಿ ನಾನು ಆಡಿದ ಮಾತೂ ಪೂರ್ತಿಯಾಗಿ ಕಿವಿಗೆ ಬಂತು. ವಾಪಸು ಬರುವ ಬಸ್ಸಿನಲ್ಲಿ ಕ್ಷಮೆ ಕೇಳಬೇಕೆಂದು ಮೂರು ಸಲ ಗಂಟಲು ಸರಿಮಾಡಿಕೊಂಡೆ. ಮೂರನೇ ಸಲಕ್ಕೆ ಅವಳು ಪೆಪ್ಪರ್‌ಮಿಂಟು ಕೊಟ್ಟಳು.

ಮಾರನೆಯ ಬೆಳಿಗ್ಗೆ ಅವ್ವ ಅಂಗಳದಲ್ಲಿ ಕೂತು ಎರಡೂ ಕೈ ಎತ್ತಿ ತಾನೇ ತುರುಬು ಹಾಕಿಕೊಂಡಳು. ಸ್ವಲ್ಪ ಸೊಟ್ಟಗಿತ್ತು. ಶಾರದ ಬಾಗಿಲಲ್ಲಿ ನಿಂತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಗಂಗಮ್ಮನವರು ಬಂದರು. "ಕೈ ಬಂದ್ಬುಡ್ತಲ್ಲಕ್ಕಾ!" ಎಂದರು.

"ಎಲ್ಲಾ ನನ್ ಮಗನ ಬುದ್ಧಿ ಕಣಮ್ಮ" ಎಂದಳು ಅವ್ವ. "ಅವ್ವನ ಕೈಗೆ ಒಳ್ಳೇದಾಗ್ಲಿ ಅಂತ ಹುಡುಕ್ಕೊಂಡು ಹೋಗಿ ಈ ಮಿಷನ್ ತಂದವ್ನೆ. ಕರೆಂಟಿಂದು ಕೊಡ್ತೀನಿ ಅಂದ್ರೂ ತಗೊಳ್ಳಿಲ್ವಂತೆ, ಶಾರದನೇ ಹೇಳಿದ್ಲು."

ಗಂಗಮ್ಮನವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ನಾನು ಕನ್ನಡಕ ತೆಗೆದು ಒರೆಸಿ, "ಅದರಲ್ಲೇನಿದೆ ಬಿಡಿ" ಎಂದೆ.

ಸ್ವಲ್ಪ ಹೊತ್ತಿಗೆ ಶಾರದ ಎಲ್ಲರಿಗೂ ಕಾಫಿ ತಂದಳು. ನನ್ನ ಲೋಟದಲ್ಲಿ ಸಕ್ಕರೆ ಒಂದು ಹರಳೂ ಇರಲಿಲ್ಲ. ತುಂಬ ಚೆನ್ನಾಗಿದೆ ಎಂದು ಪೂರ್ತಿ ಕುಡಿದೆ.